ತಣ್ಣಗಿರು ಎಂಬ ಮಾತು

ಕಾಲಿಗೆ ಬಿದ್ದವರ ತಲೆ ಮುಟ್ಟಿ ನಮ್ಮ ಸೀಮೆಯ ಹಿರಿಯರು ‘ತಣ್ಣಗಿರು’ ಎಂದು ಹರಸುತ್ತಾರೆ. ತೆಲುಗು ಮನೆಗಳಲ್ಲಿ ‘ಚಲ್ಲಗಾ ಉಂಡು’ ಅನ್ನುತ್ತಾರೆ. ತಮಿಳಿನವರು ಮಾರಮ್ಮನಿಗೆ ಅಂಬಲಿ ಹುಯ್ದು, ಮನೆಮಂದಿಯನ್ನೆಲ್ಲ ತಣ್ಣಗಿಡು ತಾಯಿ ಎಂದು ಬೇಡಿಕೊಳ್ಳುತ್ತಾರೆ. ನಲ್ಲಿಯ ಸರತಿಯಿಂದ ಹಿಡಿದು ಹೆಣ ಎತ್ತುವ ಹೊತ್ತಿನವರೆಗೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ಮೂರು ಭಾಷೆಯ ಜನ ಈ ಮಾತಿನಲ್ಲಿ ಮಾತ್ರ ಒಂದು. ನನಗೆ ಆ ಮಾತು ಆಗಿಬರುವುದಿಲ್ಲ. ಯಾರ ಕಾಲಿಗಾದರೂ ನಮಸ್ಕರಿಸಬೇಕಾಗಿ ಬಂದರೆ ಅವರು ಬಾಯಿ ತೆರೆಯುವ ಮುಂಚೆಯೇ ಎದ್ದುಬಿಡುತ್ತೇನೆ. ನನ್ನನ್ನು ಗರ್ವದವಳು ಅಂದುಕೊಂಡವರಿದ್ದಾರೆ. ಅಂದುಕೊಳ್ಳಲಿ.

ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಚಿನ್ನದ ಗಣಿಯವರ ಸಾಲುಮನೆಗಳ ಊರಿಗಾಂ ಲೈನಿಗೆ ಬಂದಾಗ ನನಗೆ ಹತ್ತೊಂಬತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಕೋಣೆ, ಮುಂದೆ ತಟ್ಟಿ ಕಟ್ಟಿ ಮಾಡಿಕೊಂಡ ಅಡುಗೆಯ ಜಾಗ, ಮೇಲೆ ತಗಡು. ಗಂಡ ಗಣಿಯೊಳಗೆ ಇಳಿಯುವವರು. ಮಾವ ನಾನು ಬರುವ ಮುಂಚೆಯೇ ಎದೆ ಕೆಟ್ಟು ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಮತ್ತೆ ಅತ್ತೆಗೆ ತಡವಾಗಿ ಹುಟ್ಟಿದ ಮಗಳು, ನನ್ನ ನಾದಿನಿ. ನಾನು ಬಂದಾಗ ಅವಳಿಗೆ ಆರು ವರ್ಷ. ಎಲ್ಲರೂ ನನ್ನ ಹಳ್ಳಿ ಮಾತಿಗೆ ನಗುತ್ತಿದ್ದಾಗ ಅವಳೊಬ್ಬಳೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಲ್ಲಿಯ ಹತ್ತಿರ ಬೇಕಾಗುತ್ತದೆ ಎಂದು ಮೊದಲು ತಮಿಳಿನ ಬೈಗುಳಗಳನ್ನು ಕಲಿಸಿದಳು. ಗಂಡನಿಗೆ ರಾತ್ರಿ ಪಾಳಿ ಇದ್ದಾಗ ನನ್ನ ಸೆರಗು ಹಿಡಿದೇ ಮಲಗುತ್ತಿದ್ದಳು. ನಾಲ್ಕು ವರ್ಷ ನನಗೆ ಮಕ್ಕಳಾಗಲಿಲ್ಲ. ಅವಳಿದ್ದುದರಿಂದ ಆ ಕೊರಗು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಅತ್ತೆಯನ್ನು ಮಾತ್ರ ಕಾಡಿತು, ಅದು ಬೇರೆ ಮಾತು.

ಲೈನಿನ ಸಂಸಾರವೆಂದರೆ ನೀರಿನ ಸಂಸಾರ. ನಲ್ಲಿ ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ಬಂದಾಗ ಹಿಡಿಯಬೇಕು, ಹಿಡಿದದ್ದನ್ನು ಚೆಲ್ಲಬಾರದು. ಪೀಪಾಯಿ, ಅಂಡೆ, ಒಡೆದ ಬಾನಿಯ ತಳ, ಎಲ್ಲದರಲ್ಲೂ ನೀರು. ಹಳೆಯ ನೀರಿನ ಮೇಲೇ ಹೊಸ ನೀರು ಸುರಿಯುತ್ತಿದ್ದೆವೇ ಹೊರತು ತಳ ಕಾಣುವವರೆಗೆ ಯಾರೂ ಬರಿದು ಮಾಡುತ್ತಿರಲಿಲ್ಲ. ನೀರಿನಲ್ಲಿ ಸಣ್ಣ ಸಣ್ಣ ಹುಳ ಕುಣಿಯುತ್ತಿದ್ದವು. ಬಟ್ಟೆಯಲ್ಲಿ ಸೋಸಿ ಕುಡಿದರಾಯಿತು. ನಮ್ಮೂರ ಬಾವಿಯಲ್ಲೂ ಇರಲಿಲ್ಲವೇ ಎಂದು ನಾನೂ ಸುಮ್ಮನಿದ್ದೆ.

ನಾದಿನಿಗೆ ಹತ್ತು ತುಂಬಿದ ವರ್ಷ, ಮಳೆಗಾಲದ ಕೊನೆಯಲ್ಲಿ, ಲೈನಿಗೆ ಜ್ವರ ಬಂತು. ಮೊದಮೊದಲು ಅದು ನಗುವ ವಿಷಯವೇ ಆಗಿತ್ತು. ಬಂಡೆ ಒಡೆಯುವ ಗಂಡಸರು ಲೋಟ ಎತ್ತಲಾರದೆ ಹೆಂಡತಿಯ ಕೈಯಿಂದ ಕಾಫಿ ಕುಡಿಯುತ್ತಿದ್ದರು. ಹಾಸಿಗೆಯಿಂದ ಎದ್ದವರು ಮುದುಕರ ಹಾಗೆ ಸೊಂಟ ಬಗ್ಗಿಸಿ, ಗೋಡೆ ಹಿಡಿದು ನಡೆಯುತ್ತಿದ್ದರು. ಮೂಳೆಯೊಳಗೆ ಯಾರೋ ಡ್ರಿಲ್ಲು ಹಿಡಿದಿದ್ದಾರೆ ಎಂದು ನನ್ನ ಗಂಡನೇ ನಾಲ್ಕು ದಿನ ನರಳಿ, ಐದನೆಯ ದಿನ ಎದ್ದು ಗಣಿಗೆ ಹೋದರು. ಆಮೇಲೆ ಮಕ್ಕಳಿಗೆ ಬಂತು. ಮಕ್ಕಳ ಮೈ ಕೆಂಪಾಗಿ ತಟ್ಟುತಟ್ಟಾಗಿ ಏಳತೊಡಗಿದ ಮೇಲೆ ನಗು ನಿಂತಿತು. ಎಲ್ಲರೂ ದನಿ ತಗ್ಗಿಸಿ ಒಂದೇ ಮಾತು ಹೇಳಿದರು, ಅಮ್ಮ.

ದನಿ ತಗ್ಗಿಸಲು ಕಾರಣವಿತ್ತು. ಆಗ ಸಿಡುಬಿನ ಕಾಲ. ಮನೆಯಲ್ಲಿ ಅಮ್ಮ ಬಂದಿದ್ದಾಳೆ ಎಂದು ಗೊತ್ತಾದರೆ ಸರ್ಕಾರದವರು ಬಂದು ಮಗುವನ್ನು ಊರಾಚೆಯ ಷೆಡ್ಡಿಗೆ ಹೊತ್ತೊಯ್ಯುತ್ತಾರೆ, ಹೆತ್ತವಳನ್ನೂ ಹತ್ತಿರ ಬಿಡುವುದಿಲ್ಲ ಎಂಬ ಸುದ್ದಿ. ನಿಜವೋ ಸುಳ್ಳೋ ನೋಡಿದವರಿಲ್ಲ, ನಂಬದವರೂ ಇಲ್ಲ. ಹಾಗಾಗಿ ಎಲ್ಲವೂ ಬಾಗಿಲ ಒಳಗೇ. ಒಗ್ಗರಣೆ ಹಾಕುವಂತಿಲ್ಲ, ತಲೆ ಬಾಚುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ಪಾಳಿಗೆ, ನಲ್ಲಿಗೆ ಬಿಟ್ಟರೆ ಒಳಗಿನವರು ಹೊರಗೆ ಹೋಗುವಂತಿಲ್ಲ. ಹೊಸಿಲ ಒಳಮಗ್ಗುಲಲ್ಲಿ ಒಂದು ಮಡಕೆ ನೀರು, ಅದರಲ್ಲಿ ಚಿಟಿಕೆ ಅರಿಶಿನ, ಬೇವಿನ ರೆಂಬೆ. ಅದು ಅಮ್ಮನ ನೀರು. ಕಡಿಮೆಯಾದರೆ ತುಂಬಬೇಕು, ಅಮ್ಮ ಇಳಿದು ಮಗುವಿಗೆ ತಲೆಯ ಮೇಲೆ ನೀರು ಹಾಕುವ ದಿನದವರೆಗೆ ಚೆಲ್ಲಬಾರದು. ಜ್ವರ ಬಿಟ್ಟು ಮೈ ತಣ್ಣಗಾದರೆ ಅಮ್ಮ ತಣ್ಣಗಾದಳು ಎಂದು ಲೆಕ್ಕ. ಆಮೇಲೆ ಮೊಸರನ್ನ, ತಂಬಿಟ್ಟು.

ನಮ್ಮ ಎದುರುಮನೆಯಲ್ಲಿ ತಮಿಳಿನ ಅಕ್ಕ ಒಬ್ಬಳಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಬಂದ ಹೊಸದರಲ್ಲಿ ನಲ್ಲಿಯ ಹತ್ತಿರ ಯಾರೋ ನನ್ನ ಕೊಡ ಒದ್ದಾಗ ಅದನ್ನು ಎತ್ತಿ ಸಾಲಿನ ಮುಂದಕ್ಕೆ ಇಟ್ಟವಳು ಅವಳೇ. ಅವಳಿಗೆ ಎಷ್ಟೋ ಹರಕೆ ಹೊತ್ತ ಮೇಲೆ ಹುಟ್ಟಿದ ಒಬ್ಬನೇ ಮಗ, ನಾಲ್ಕು ವರ್ಷದವನು. ಅವನಿಗೆ ಜ್ವರ ಬಂದು ಐದನೆಯ ದಿನ ಬೆಳಿಗ್ಗೆ ಬಿಟ್ಟಿತು. ಸುದ್ದಿ ಕೇಳಿ ಅವರ ಹೊಸಿಲ ಹತ್ತಿರ ಹೋಗಿ ಕೂತೆ. ಒಳಗೆ ಹೋಗುವಂತಿಲ್ಲವಲ್ಲ, ಕೈ ಚಾಚಿದರೆ ಮಗುವಿನ ಕಾಲು ಸಿಗುತ್ತಿತ್ತು. ಮುಟ್ಟಿದೆ. ತಣ್ಣಗಿತ್ತು, ಸ್ವಲ್ಪ ಒದ್ದೆಯೂ ಇತ್ತು.

ದೊಡ್ಡ ಅನುಭವಸ್ಥೆಯ ಹಾಗೆ, “ತಣ್ಣಗವ್ನೆ ಬಿಡಕ್ಕ, ಅಮ್ಮ ಇಳಿದವ್ಳೆ” ಅಂದೆ.

ಅವಳು ಎರಡು ಕೈಯೆತ್ತಿ ಮುಗಿದಳು. ಬೇವಿನ ರೆಂಬೆಗೋ ನನಗೋ ಗೊತ್ತಾಗಲಿಲ್ಲ. ಮಗು ಕಣ್ಣು ಬಿಟ್ಟುಕೊಂಡೇ ಇತ್ತು, ಯಾಕೋ ಒಂದೇ ಸಮನೆ ಹೊರಳಾಡುತ್ತಿತ್ತು. ಹಸಿವಿರಬೇಕು ಅಂದುಕೊಂಡು ಮನೆಗೆ ಬಂದೆ. ಸಂಜೆ ನಲ್ಲಿಗೆ ನೀರು ಬರುವ ಹೊತ್ತಿಗೆ ಎದುರುಮನೆಯಲ್ಲಿ ಅಳು ಎದ್ದಿತು. ಅಮ್ಮ ಕರೆದುಕೊಂಡಳು ಎಂದು ಲೈನಿನ ಹೆಂಗಸರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಆದರೆ ಆ ಕಾಲಿನ ತಣುಪು ನನ್ನ ಅಂಗೈಯಲ್ಲಿ ಹಾಗೇ ಉಳಿಯಿತು. ಒಲೆಗೆ ಕೈ ಕಾಸಿದರೂ ಹೋಗಲಿಲ್ಲ.

ಅದಾದ ಐದಾರು ದಿನಕ್ಕೆ ನಾದಿನಿ ಶಾಲೆಯಿಂದ ತಲೆ ಹಿಡಿದುಕೊಂಡು ಬಂದಳು. ಕಣ್ಣು ಹೊರಳಿಸಿದರೆ ಕಣ್ಣಿನ ಹಿಂದೆ ನೋಯುತ್ತದೆ ಅತ್ತಿಗೆ, ಅಂದಳು. ಮುಖ ಕಣಗಿಲೆ ಹೂವಿನ ಬಣ್ಣಕ್ಕೆ ತಿರುಗಿತ್ತು, ಮೈ ಕಾದ ಹೆಂಚು. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ನಾನು ಬಾಯಿಬಿಟ್ಟದ್ದೇ ತಡ, ಅತ್ತೆ ನನ್ನ ಕಡೆಗೆ ತಿರುಗಿದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಲೈನಿಗೆ ಬಂದ ಅಮ್ಮ ನಮ್ಮ ಮನೆಗೂ ಬಂದಿದ್ದಾಳೆ, ಬಂದವಳನ್ನು ಮರ್ಯಾದೆಯಿಂದ ಕಳಿಸಬೇಕು, ಅಂದರು. ಇನ್ನೂ ಮೈಮೇಲೆ ಒಂದು ಗುಳ್ಳೆಯೂ ಎದ್ದಿಲ್ಲವಲ್ಲ ಅತ್ತೆ, ಅಂದೆ. ನೀರುಗುಳ್ಳೆ ಏಳದ ಅಮ್ಮನೂ ಉಂಟು, ಅವಳು ಮೈಯೊಳಗೇ ಆಡುತ್ತಾಳೆ ಎಂದರು. ನಾನು ಇನ್ನೊಂದು ಮಾತು ಎತ್ತುವಷ್ಟರಲ್ಲಿ ಕೊನೆಯ ಬಾಣ ಬಂತು.

“ಎತ್ತೋಳು ನಾನು. ಎತ್ತು ಗೊತ್ತಿಲ್ದೋಳು ನಂಗೇನ್ ಯೋಳ್ಕೊಡ್ತೀಯ?”

ನಾಲ್ಕು ವರ್ಷವಾದರೂ ಬಸಿರಾಗದವಳಿಗೆ ಈ ಮಾತು ಹೇಳಿದರೆ ಅವಳ ಬಾಯಿ ಮುಚ್ಚುತ್ತದೆ ಎಂದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಿತು. ಗಂಡನ ಮುಖ ನೋಡಿದೆ. ಅವರು ತಾಯಿಯ ಮುಖ ನೋಡಿದರು, ತಂಗಿಯ ಮುಖ ನೋಡಿದರು, ಆಮೇಲೆ ಬೂಟು ಹಾಕಿಕೊಂಡು ಪಾಳಿಗೆ ಹೋದರು. ಸಾವಿರಾರು ಅಡಿ ಕೆಳಗೆ ಇಳಿಯಲು ಹೆದರದ ಗಂಡಸು, ತಾಯಿಯ ಮುಂದೆ ಒಂದು ಮಾತು ಆಡಲು ಹೆದರುತ್ತಿದ್ದರು.

ನಾಲ್ಕು ದಿನ ಆ ಕೋಣೆಯಲ್ಲೇ ಕಳೆದೆವು. ಹುಡುಗಿ ಮಂಡಿ ನೋವು, ಬೆನ್ನು ನೋವು ಎಂದು ನರಳುತ್ತಿದ್ದಳು. ನೀರು ಬಿಟ್ಟು ಬೇರೇನೂ ಒಳಗೆ ನಿಲ್ಲುತ್ತಿರಲಿಲ್ಲ. ‘ಅಮ್ಮಾ, ಅಮ್ಮಾ’ ಎಂದು ಅವಳು ಕೂಗಿಕೊಂಡರೆ ಅತ್ತೆ ಬೇವಿನ ಎಲೆ ಹಿಡಿದು, ನೋಡು ಅವಳ ಬಾಯಲ್ಲಿ ತಾಯಿಯ ಹೆಸರೇ ಬರುತ್ತಿದೆ, ಅನ್ನುತ್ತಿದ್ದರು. ಹುಡುಗಿ ಕರೆಯುತ್ತಿದ್ದುದು ಹೆತ್ತ ತಾಯಿಯನ್ನು. ಮೂರನೆಯ ದಿನ ಎದೆಯ ಮೇಲೆ, ತೋಳಿನ ಮೇಲೆ ಕೆಂಪು ಎದ್ದಾಗ ಅತ್ತೆಯ ಮಾತೇ ಗೆದ್ದ ಹಾಗಾಯಿತು. ನಾನು ದಿನಾ ಹೊಸಿಲ ಮಡಕೆಗೆ ನೀರು ತುಂಬುತ್ತಿದ್ದೆ. ಅದರಲ್ಲಿ ಹುಳಗಳು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದವು. ಸೋಸಲೇ ಎಂದು ಕೇಳಿದೆ. ಅಮ್ಮನ ನೀರು ಸೋಸುತ್ತಾರೇನೆ, ಎಂದರು. ಹಗಲಲ್ಲೇ ಮೂಲೆಯಿಂದ ಸೊಳ್ಳೆಗಳು ಬಂದು ಕಾಲು ಕಚ್ಚುತ್ತಿದ್ದವು. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಕರಿ ಸೊಳ್ಳೆ. ಎಲ್ಲೋ ಚರಂಡಿಯಿಂದ ಬರುತ್ತವೆ ಎಂದು ಅದನ್ನೂ ಹೊಡೆದು ಸುಮ್ಮನಾಗುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಅತ್ತೆ ಮಗಳ ಹಣೆ ಮುಟ್ಟಿ ನೋಡಿ, ಕೆನ್ನೆ ಮುಟ್ಟಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟರು. ಆ ಗಟ್ಟಿ ಹೆಂಗಸು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊದಲ ನೀರನ್ನು ಹುಡುಗಿಯ ಸೋದರತ್ತೆಯೇ ಹಾಕಬೇಕು, ಅದು ಅವರ ಮನೆತನದ ಕ್ರಮ. ಸೋದರತ್ತೆ ಇದ್ದದ್ದು ಬಂಗಾರಪೇಟೆಯಲ್ಲಿ. ಅತ್ತೆಯೇ ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನದ ರೈಲಿಗೆ ಅವರನ್ನು ಕರೆದುಕೊಂಡು ಬರುವುದೆಂದು ತೀರ್ಮಾನವಾಯಿತು. ಗಂಡ ಮೊದಲ ಪಾಳಿಗೆ ಆಗಲೇ ಇಳಿದಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಹೇಳಿದರು.

“ಮಗ ತಣ್ಣಗವ್ಳೆ. ನಾನ್ ಬರೋಗಂಟ ಒಸ್ಲು ದಾಟಿಸ್ಬ್ಯಾಡ. ತಣ್ಣಗಾದ ತಾಯಿ ಮತ್ತೆ ಮುನಿಸ್ಕೊಂಡ್ರೆ ಉಳಿಸಾಕಿಲ್ಲ.”

ಅವರು ಹೋದ ಮೇಲೆ ನನಗೂ ಹಗುರವಾಗಿತ್ತು. ಗಂಜಿಗೆ ಎಸರಿಟ್ಟೆ. ಹುಡುಗಿಗೆ ತಿನ್ನಲು ಏನು ಬೇಕು ಎಂದು ಕೇಳುತ್ತ, ಹೊದಿಕೆ ಸರಿಮಾಡುವಾಗ ಅವಳ ಪಾದ ಕೈಗೆ ತಗುಲಿತು.

ಅದೇ ತಣುಪು. ಎದುರುಮನೆಯ ಮಗುವಿನ ಕಾಲಿನದೇ. ಜ್ವರ ಬಿಟ್ಟ ಮೈಯ ತಂಪಲ್ಲ ಅದು, ನಲ್ಲಿಯ ಕೆಳಗಿನ ಕಲ್ಲಿನ ತಣುಪು. ಹಣೆ ಮುಟ್ಟಿದೆ, ಅಲ್ಲಿ ತಣ್ಣನೆಯ ಬೆವರು. ತುಟಿ ಬಿಳಿಚಿತ್ತು. ಒಂದು ಮಗ್ಗುಲಿಗೆ ಹೊರಳಿದಳು, ಮತ್ತೊಂದು ಮಗ್ಗುಲಿಗೆ ಹೊರಳಿದಳು. ಹೊಟ್ಟೆ ಹಿಡಿದುಕೊಂಡು, ಇಲ್ಲಿ ನೋಯ್ತದೆ ಅತ್ತಿಗೆ ಎಂದಳು. ಆಮೇಲೆ ವಾಂತಿ ಮಾಡಿದಳು. ವಾಂತಿಯಲ್ಲಿ ಕಾಫಿ ಗಸಿಯ ಹಾಗೆ ಏನೋ ಕಪ್ಪು. ಬಾಯಿ ಒರೆಸಿದ ಬಟ್ಟೆಗೆ ವಸಡಿನ ರಕ್ತ ಅಂಟಿತು.

ಬಟ್ಟೆ ಹಿಡಿದುಕೊಂಡೇ ಅವಳ ಪಕ್ಕ ಕೂತೆ. ಹೊರಗೆ ಕರೆದುಕೊಂಡು ಹೋಗಿ, ದಾರಿಯಲ್ಲೇ ಏನಾದರೂ ಆದರೆ ತಾಯಿಯ ಮುನಿಸು ತಂದು ಹುಡುಗಿಯನ್ನು ಕೊಂದವಳು ನಾನು. ಬಂಜೆ, ನಾದಿನಿಯನ್ನೂ ತಿಂದಳು ಅನ್ನುತ್ತಾರೆ. ಷೆಡ್ಡಿಗೆ ಹಾಕಿದರೆ ಅತ್ತೆಗೆ ಮುಖ ತೋರಿಸುವ ಹಾಗಿಲ್ಲ. ಸುಮ್ಮನೆ ಕೂತರೆ ಯಾರೂ ನನ್ನನ್ನು ಏನೂ ಅನ್ನುವುದಿಲ್ಲ, ಅಮ್ಮ ಕರೆದುಕೊಂಡಳು ಅನ್ನುತ್ತಾರೆ. ಸುಮ್ಮನೆ ಕೂರುವುದು ಎಷ್ಟು ಸುಲಭ ಎಂದು ಆ ಹೊತ್ತಿನಲ್ಲೂ ನನಗೆ ಹೊಳೆದಿತ್ತು, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಕೆಳಗೆ ಗಣಿಯೊಳಗೆ ಎಲ್ಲೋ ಬಂಡೆ ಸಿಡಿದು ನೆಲ ಒಮ್ಮೆ ನಡುಗಿತು. ಅದು ಆಗಾಗ ಇದ್ದದ್ದೇ. ಹೊಸಿಲ ಮಡಕೆಯ ನೀರು ಅಲುಗಿ, ಹುಳಗಳೆಲ್ಲ ಒಟ್ಟಿಗೆ ತಳಕ್ಕಿಳಿದವು. ನಾನು ಎದ್ದು ಬಾಗಿಲಿಗೆ ಬಂದೆ.

ಎದುರು ಬಾಗಿಲಲ್ಲಿ ಅಕ್ಕ ಕೂತಿದ್ದಳು. ಇನ್ನೂ ಸೂತಕ ಕಳೆದಿರಲಿಲ್ಲ, ಕೂದಲು ಬಿಚ್ಚಿದ್ದದ್ದು ಹಾಗೇ ಇತ್ತು. ಸೂತಕದವಳು ಅಮ್ಮ ಇರುವ ಮನೆಯ ಕಡೆ ನೋಡಲೂಬಾರದು. ಅವಳು ನೋಡಿದಳು. ಜ್ವರ ಬಿಟ್ಟಿತಾ ಎಂದು ಅಲ್ಲಿಂದಲೇ ಕೇಳಿದಳು. ಬಿಟ್ಟಿತು ಅಂದೆ. ಕಾಲು ಹೇಗಿದೆ ಎಂದಳು. ನಾನು ಬಾಯಿ ತೆರೆದೆ. ಹೇಳಬೇಕಾದ ಮಾತು ಒಂದೇ, ಹತ್ತು ದಿನದ ಹಿಂದೆ ಅವಳ ಹೊಸಿಲಲ್ಲಿ ಕೂತು ನಾನು ಖುಷಿಯಿಂದ ಹೇಳಿದ್ದ ಮಾತು. ಅವಳ ಮುಖವನ್ನೇ ನೋಡುತ್ತ ನಿಂತೆ.

ಅವಳು ಎದ್ದು ನಿಂತಳು.

“ನನ್ ಮಗನೂ ಇಂಗೇ ಇದ್ದ” ಅಂದಳು. “ಎತ್ಕೋಮ್ಮಾ. ನಾನ್ ಗಾಡಿ ತರ್ತೀನಿ.”

ಬಿಚ್ಚಿದ ಕೂದಲಲ್ಲೇ ಆಂಡರ್ಸನ್‌ಪೇಟೆ ರಸ್ತೆಯ ಕಡೆ ಓಡಿದಳು. ನಾನು ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡೆ. ಹತ್ತು ವರ್ಷದ ಹುಡುಗಿ, ಆದರೂ ಭಾರ ಅನ್ನಿಸಲಿಲ್ಲ, ಅದರಿಂದಲೇ ನನಗೆ ಇನ್ನಷ್ಟು ಹೆದರಿಕೆಯಾಯಿತು. ಹೊಸಿಲು ದಾಟುವಾಗ ಇಳಿಬಿದ್ದಿದ್ದ ಅವಳ ಕಾಲು ತಗುಲಿ ಮಡಕೆ ಉರುಳಿತು. ಅಮ್ಮನ ನೀರು ನನ್ನ ಪಾದದ ಮೇಲೆ ಹರಿದು ಅಂಗಳಕ್ಕೆ ಹೋಯಿತು. ಹಿಂದಿರುಗಿ ನೋಡಲಿಲ್ಲ.

ಜಟಕಾದವನು ಕಂಬಳಿ ನೋಡಿ ಏನು ಕಾಯಿಲೆ ಎಂದು ಕೇಳಿದ. ಅಮ್ಮ ಎಂದರೆ ಹತ್ತಿಸುತ್ತಿರಲಿಲ್ಲ. ಅಕ್ಕ ಕಣ್ಣು ಮಿಟುಕಿಸದೆ, ಹೊಟ್ಟೆನೋವು, ಕಾಯಿ ಮಾವು ತಿಂದುಬಿಟ್ಟಿದ್ದಾಳೆ ಎಂದಳು. ಮಾವಿನ ಕಾಲವೇ ಅಲ್ಲ ಅದು. ಅವನು ಅವಳ ಮುಖ ನೋಡಿ ಕುದುರೆ ಹೊಡೆದ. ದಾರಿಯುದ್ದಕ್ಕೂ ನಾನು ಒಂದು ಪಾದ ಉಜ್ಜಿದೆ, ಅಕ್ಕ ಒಂದು ಪಾದ ಉಜ್ಜಿದಳು.

ಗಣಿಯ ಆಸ್ಪತ್ರೆಯಲ್ಲಿ ಆವತ್ತು ಇದ್ದವರು ವಯಸ್ಸಾದ ಡಾಕ್ಟರು. ಷೆಡ್ಡಿನ ಹೆದರಿಕೆಯಿಂದ ನಾನು ಅವರಿಗೂ ಹೊಟ್ಟೆನೋವೆಂದೇ ಹೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಮಣಿಕಟ್ಟು ಹಿಡಿದು ನಾಡಿ ಹುಡುಕಿದರು, ಸಿಗಲು ತುಂಬ ಹೊತ್ತು ಹಿಡಿಯಿತು. ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ ಗಾಳಿ ತುಂಬಿ, ಐದು ನಿಮಿಷ ಹಾಗೇ ಬಿಟ್ಟರು. ಬಿಚ್ಚಿದಾಗ ಮೊಣಕೈಯ ಕೆಳಗೆ ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆ. ಇದು ಅಮ್ಮ ಅಲ್ಲಮ್ಮ, ಸೊಳ್ಳೆಯಿಂದ ಬರುವ ಡೆಂಗಿ ಜ್ವರ ಅನ್ನಿಸುತ್ತದೆ, ಅಂದರು. ಎಷ್ಟು ಹೊತ್ತಿನಿಂದ ಹೀಗೆ ತಣ್ಣಗಿದ್ದಾಳೆ ಎಂದು ಕೇಳಿದರು. ಬೆಳಿಗ್ಗೆಯಿಂದ ಅಂದೆ. ಜ್ವರ ಇಳಿದಾಗಲೇ ಇದರ ಗಂಡಾಂತರ, ರಕ್ತದ ನೀರೆಲ್ಲ ನಾಳದಿಂದ ಸೋರಿಹೋಗುತ್ತದೆ, ಕೈಕಾಲು ತಣ್ಣಗಾಗುತ್ತದೆ, ನೋಡುವವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಹೀಗೆ ಹೇಳುತ್ತಲೇ ಸಲೈನಿನ ಸೂಜಿಗೆ ನರ ಹುಡುಕುತ್ತಿದ್ದರು. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರ ಕನ್ನಡ ಅವಳಿಗೆ ಎಷ್ಟು ತಿಳಿಯಿತೋ ಎಂದು ನಾನು ಅವಳ ಕಡೆ ನೋಡಲೂ ಹೆದರಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳು ಅಲ್ಲಿರಲಿಲ್ಲ.

ಆಮೇಲಿನ ಹೊತ್ತು ಹನಿ ಹನಿಯಾಗಿ ಕಳೆಯಿತು. ಬಾಟಲಿಯಿಂದ ಹನಿ ಬೀಳುವುದನ್ನು ನೋಡುತ್ತ, ಒಂದು ಹನಿ ತಡವಾದರೆ ನರ್ಸಮ್ಮನನ್ನು ಕೂಗುತ್ತ ಕೂತೆ. ಮಧ್ಯಾಹ್ನದ ರೈಲಿಗೆ ಬಂದ ಅತ್ತೆ ಮನೆಯಲ್ಲಿ ಕಂಡದ್ದು ತೆರೆದ ಬಾಗಿಲು, ಖಾಲಿ ಹಾಸಿಗೆ, ಉರುಳಿದ ಮಡಕೆ. ಮಗಳು ಹೋದಳು ಎಂದೇ ಅಂದುಕೊಂಡರಂತೆ. ಯಾರೋ ಆಸ್ಪತ್ರೆ ಎಂದು ಹೇಳಿದ ಮೇಲೆ ಸೋದರತ್ತೆಯನ್ನು ಮನೆಯಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿಬಂದರು. ವಾರ್ಡಿನ ನಡುವೆ ಎಲ್ಲರೆದುರಿಗೆ ನನ್ನ ಕೆನ್ನೆಗೆ ಒಂದು ಬಾರಿಸಿದರು. ನಾನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಅವರ ಕೈ ಹಿಡಿದೆಳೆದು ಮಗಳ ಪಾದದ ಮೇಲೆ ಇಟ್ಟೆ. ಮುಟ್ಟಿ ನೋಡಿ ಅತ್ತೆ, ಇದು ತಾಯಿಯ ತಂಪೋ ಹೆಣದ ತಂಪೋ ನೀವೇ ಹೇಳಿ, ಅಂದೆ. ಹೇಗೆ ಆ ಮಾತು ಬಾಯಿಗೆ ಬಂತೋ. ಅತ್ತೆಯ ಕೈ ಅಲ್ಲೇ ನಿಂತಿತು. ನಾಲ್ಕು ಹೆತ್ತು ಎರಡನ್ನು ಮಣ್ಣು ಮಾಡಿದ ಕೈ, ಅದಕ್ಕೆ ಗೊತ್ತಾಯಿತು. ನೆಲದ ಮೇಲೆ ಕೂತು, ಎರಡು ಪಾದವನ್ನೂ ಸೆರಗಿನೊಳಗೆ ಹಾಕಿಕೊಂಡು, ತನ್ನ ಹೊಟ್ಟೆಗೆ ಒತ್ತಿಕೊಂಡರು.

ಸಂಜೆ ಡಾಕ್ಟರು ಬಂದು, ಉಚ್ಚೆ ಹುಯ್ದಳಾ ಎಂದು ಕೇಳಿದರು. ಹುಯ್ದರೆ ಬದುಕಿದಳು ಎಂದು ನರ್ಸಮ್ಮ ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದರು. ಲೈಟು ಹಾಕುವ ಹೊತ್ತಿಗೆ ಹುಡುಗಿ ನಾಚಿಕೊಂಡು, ಅತ್ತಿಗೆ ಬರ್ತಿದೆ ಎಂದಳು. ಹತ್ತು ವರ್ಷದ ಹುಡುಗಿ ಉಚ್ಚೆ ಹುಯ್ದದ್ದಕ್ಕೆ ಇಡೀ ವಾರ್ಡು ಸಂತೋಷಪಟ್ಟಿತು, ಪಕ್ಕದ ಮಂಚದ ಮುದುಕಿ ಕೈ ಮುಗಿದಳು. ನನ್ನ ಗಂಡ ಪಾಳಿ ಮುಗಿಸಿ ಬಂದವರು ಆಗಿನಿಂದ ಮೂಲೆಯಲ್ಲಿ ನಿಂತೇ ಇದ್ದರು. ಈಗ ಹೊರಗೆ ಹೋಗಿ ಅತ್ತು ಬಂದರು. ಅತ್ತೆ ಪಾದಗಳನ್ನು ಇನ್ನೂ ಬಿಟ್ಟಿರಲಿಲ್ಲ. ನನ್ನ ಕಡೆ ನೋಡದೆಯೇ, ಬೆಚ್ಚಗಾದವು ಕಣೇ ಎಂದರು.

ಹುಡುಗಿ ಮನೆಗೆ ಬಂದ ಮರುದಿನ ಸ್ಯಾನಿಟರಿಯವರು ಲೈನಿಗೆ ಬಂದರು. ಇದು ಚರಂಡಿಯ ಸೊಳ್ಳೆಯಲ್ಲ, ನೀವು ಹಿಡಿದಿಟ್ಟ ಒಳ್ಳೆಯ ನೀರಿನ ಸೊಳ್ಳೆ, ಹಗಲು ಕಚ್ಚುವುದು, ಆ ಹುಳಗಳೇ ಅದರ ಮರಿ ಎಂದು ಮನೆಮನೆಯಲ್ಲೂ ಹೇಳುತ್ತ ಪೀಪಾಯಿ, ಬಾನಿ ಎಲ್ಲ ಬೋರಲು ಹಾಕಿಸಿದರು. ಹಿಡಿದ ನೀರು ಚೆಲ್ಲಿದರೆ ಲೈನಿನ ಹೆಂಗಸರು ಸುಮ್ಮನಿರುತ್ತಾರೆಯೇ, ಮೂರು ಭಾಷೆಯಲ್ಲೂ ಬೈಗುಳ ಸುರಿಯಿತು. ನಮ್ಮ ಪೀಪಾಯಿಯನ್ನು ಅತ್ತೆ ತಾವೇ ಉರುಳಿಸಿದರು. ದಿನಾ ಕೈಯಾರೆ ಸೊಳ್ಳೆ ಸಾಕಿ, ಅದಕ್ಕೆ ಬೇವು ಅರಿಶಿನ ಹಾಕಿ ಪೂಜೆ ಮಾಡಿದೆವಲ್ಲ ಎಂದು ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಎದುರುಮನೆಯ ಮುಂದೆ ಮಾತ್ರ ಗದ್ದಲ ನಿಂತಿತು. ಅಕ್ಕನ ಹೊಸಿಲಲ್ಲಿ ಮಗನಿಗಾಗಿ ಇಟ್ಟಿದ್ದ ಮಡಕೆ ಇನ್ನೂ ಇತ್ತು. ನೀರು ಹಾಕುವ ದಿನದವರೆಗೆ ಚೆಲ್ಲಬಾರದು, ಅವನಿಗೆ ಆ ದಿನ ಬರಲೇ ಇಲ್ಲ. ಬೇವು ಒಣಗಿ ಕಡ್ಡಿಯಾಗಿತ್ತು. ಸ್ಯಾನಿಟರಿಯವನು ಕೈ ಹಾಕಿದ, ಅವಳು ಮಡಕೆಯನ್ನು ತಬ್ಬಿ ಕೂತಳು. ನಾನು ಅವನನ್ನು ಆಚೆ ಕಳಿಸಿ ಅವಳ ಪಕ್ಕ ಕೂತೆ. ಈ ಸಲ ಹೊಸಿಲ ಒಳಗೆ. ಮಡಕೆಯ ಮೇಲಿನ ಕೈ ತೆಗೆಯದೆ ಅವಳು ಕೇಳಿದಳು.

“ನನ್ ಮಗನಿಗೂ ಇದೇನಾ?”

ಅದೇ ಅಂದರೆ, ಆವತ್ತು ಎತ್ತಿಕೊಂಡು ಓಡಿದ್ದರೆ ಉಳಿಯುತ್ತಿದ್ದ ಎಂದ ಹಾಗೆ. ತಣ್ಣಗಿದ್ದಾನೆ ಬಿಡು ಎಂದು ಅವಳನ್ನು ಕೂರಿಸಿದವಳು ನಾನು ಎಂದ ಹಾಗೆ. ಯಾರನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದೆನೋ, ಅವಳನ್ನೋ ನನ್ನನ್ನೋ, ನನಗೇ ಗೊತ್ತಿಲ್ಲ.

“ಇಲ್ಲಕ್ಕ” ಅಂದೆ. “ನಿಮ್ ಮಗನಿಗೆ ಬಂದಿದ್ದು ಅಮ್ಮನೇ.”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಡಕೆಯಿಂದ ಕೈ ಬಿಟ್ಟಳು. ನಾನೇ ಅದನ್ನು ಎತ್ತಿಕೊಂಡು ಹೋಗಿ ಲೈನಿನ ಕೊನೆಯ ಬೇವಿನ ಬುಡಕ್ಕೆ ಸುರಿದೆ. ಹುಳಗಳು ಒದ್ದೆ ಮಣ್ಣಿನ ಮೇಲೆ ಒದ್ದಾಡಿ ಸುಮ್ಮನಾದವು. ಆವತ್ತಿನಿಂದ ನಮ್ಮಿಬ್ಬರ ನಡುವೆ ಆ ಮಾತು ಮತ್ತೆ ಬರಲಿಲ್ಲ. ಮುಂದೆ ನನಗೆ ಮಗನಾದಾಗ ಬಾಣಂತನದಲ್ಲಿ ಅತ್ತೆಯ ಜೊತೆ ಸೇರಿ ನೀರು ಕಾಸಿ ಹಾಕಿದವಳು ಅವಳೇ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಆ ದಶಕ ಮುಗಿಯುವ ಮುಂಚೆ ಅವಳ ಗಂಡ ಕೆಲಸ ಬಿಟ್ಟರು, ಇಬ್ಬರೂ ತಮ್ಮ ಊರಿಗೆ ಹೊರಟರು. ಬಂಗಾರಪೇಟೆಯಲ್ಲಿ ರೈಲು ಬದಲಿಸಬೇಕು. ಅಲ್ಲಿಯವರೆಗೆ ನಾನೂ ನಾದಿನಿಯೂ ಜೊತೆಗೆ ಹೋದೆವು. ನಾದಿನಿ ಆಗ ನನಗಿಂತ ಎತ್ತರವಾಗಿದ್ದಳು. ಪ್ಲಾಟ್‌ಫಾರಂ ಮೇಲೆ ಟ್ರಂಕು ಇಳಿಸಿ, ಮದ್ರಾಸ್ ಕಡೆಯ ಗಾಡಿ ಬಂದಾಗ ನಾದಿನಿ ಅವಳ ಕಾಲಿಗೆ ಬಿದ್ದಳು. ಆಮೇಲೆ ನಾನು. ಎಂದಿನಂತೆ ಬೇಗ ಎದ್ದುಬಿಡಲು ನೋಡಿದೆ, ಅವಳು ನನ್ನ ತಲೆಯ ಮೇಲೆ ಕೈ ಒತ್ತಿ ಹಿಡಿದಳು. ಮೂರು ಭಾಷೆಯಲ್ಲಿ ಯಾವುದರಲ್ಲಾದರೂ ಆ ಮಾತು ಈಗ ಬರುತ್ತದೆ ಎಂದು ಹಲ್ಲು ಕಚ್ಚಿ ಕಾದೆ.

“ಬೆಚ್ಚಗಿರಮ್ಮಾ” ಅಂದಳು.

ಹಾಗೆ ಯಾರೂ ಹರಸುವುದಿಲ್ಲ. ಪಕ್ಕದಲ್ಲಿದ್ದ ಅವಳ ಗಂಡ, ಇಷ್ಟು ವರ್ಷವಾದರೂ ಇವಳಿಗೆ ಕನ್ನಡ ಬರಲಿಲ್ಲ ಎಂದು ನಕ್ಕರು. ನಾನು ತಲೆಯೆತ್ತಿ ಅವಳನ್ನು ನೋಡಿದೆ. ಆವತ್ತು ಡಾಕ್ಟರು ಹೇಳಿದ್ದು ಅವಳಿಗೆ ಒಂದಕ್ಷರ ಬಿಡದೆ ತಿಳಿದಿತ್ತು. ನಾನು ಸುಳ್ಳು ಹೇಳಿದ್ದೂ ತಿಳಿದಿತ್ತು. ಇಷ್ಟು ವರ್ಷ ನನ್ನೆದುರಿಗೆ ಅದನ್ನು ನಂಬಿದವಳ ಹಾಗೆ ಇದ್ದಳು. ಗಾಡಿ ಹೊರಟಿತು. ಕಿಟಕಿಯಿಂದ ಚಾಚಿದ ಅವಳ ಕೈ ಹಿಡಿದುಕೊಂಡು ಸ್ವಲ್ಪ ದೂರ ಓಡಿದೆ. ಆ ಕೈ ಬೆಚ್ಚಗಿತ್ತು.